ಮೂರನೆಯ ಸಾಲಿನಿಂದ ಕಂಡ ಆಗುಂಬೆ

ಏಳು ಜನ ಕೂರುವ ಗಾಡಿ ಕೊಳ್ಳಲು ಹೋದವರು ಮೊದಲು ಕೂತು ನೋಡುವುದು ಚಾಲಕನ ಸೀಟಿನಲ್ಲಿ. ಸ್ಟಿಯರಿಂಗ್ ಹಿಡಿದು, ಹಾರ್ನ್ ಒತ್ತಿ, ಮುಂದಿನ ಪರದೆಯ ಮೇಲೆ ಬೆರಳಾಡಿಸಿ, ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡುತ್ತಾರೆ. ಆಕೆ ತಲೆಯಾಡಿಸಿದರೆ ಅರ್ಧ ವ್ಯಾಪಾರ ಮುಗಿದಂತೆಯೇ. ಮೂರನೆಯ ಸಾಲಿಗೆ ತೂರಿ, ಬಾಗಿಲು ಹಾಕಿಸಿಕೊಂಡು, ಹತ್ತು ನಿಮಿಷ ಕೂತು ನೋಡುವವರು ಅಪರೂಪ. ಅಲ್ಲಿ ಕೂರಬೇಕಾದ ಮಕ್ಕಳು ಆ ಹೊತ್ತಿಗೆ ಶಾಲೆಯಲ್ಲಿರುತ್ತಾರೆ.

ನಮ್ಮ ನಾಡಿನ ಕುಟುಂಬಗಳಿಗೆ ಇಂಥ ಗಾಡಿ ಹೊಸದಲ್ಲ. 1994ರಲ್ಲಿ ಟಾಟಾ ಸುಮೋ ಬಂದಾಗ ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ ಯಾತ್ರೆಗೆ ಅದೇ ವಾಹನವಾಯಿತು. ಹಿಂಬದಿಯಲ್ಲಿ ಎದುರುಬದುರಾದ ಬೆಂಚುಗಳು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಮಕ್ಕಳು ಕೂರುತ್ತಿದ್ದರು. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ನಡುವೆ 2002ರಲ್ಲಿ ಮಹೀಂದ್ರಾ ಸ್ಕಾರ್ಪಿಯೊ. ಈಗಿನ ಪೀಳಿಗೆಯ ಮೂರು ಸಾಲಿನ ಎಸ್‌ಯುವಿಗಳು, ಅಂದರೆ 2021ರಲ್ಲಿ ಬಂದ ಹೊಸ ಸಫಾರಿ, ಎಕ್ಸ್‌ಯುವಿ 700, ಅಲ್ಕಜಾರ್ ಇಂಥವು, ಆ ಅಜ್ಜಂದಿರ ನಾಜೂಕಾದ ಮೊಮ್ಮಕ್ಕಳು. ಸಫಾರಿಯ ಉದ್ದ 4661 ಮಿ.ಮೀ., ಎಕ್ಸ್‌ಯುವಿ 700ರದು 4695 ಮಿ.ಮೀ. ಇಷ್ಟು ಉದ್ದದಲ್ಲಿ ಎಂಜಿನ್ನಿಗೂ ಜಾಗ ಬೇಕು, ಮೂರು ಸಾಲು ಕಾಲುಗಳಿಗೂ ಜಾಗ ಬೇಕು, ಪೆಟ್ಟಿಗೆಗಳಿಗೂ ಜಾಗ ಬೇಕು. ಯಾರಿಗೋ ಒಬ್ಬರಿಗೆ ಕಡಿಮೆ ಬೀಳಲೇಬೇಕಲ್ಲ? ಬೀಳುವುದು ಕೊನೆಯ ಸಾಲಿಗೆ.

ಈ ವರ್ಗದ ಒಂದು ಡೀಸೆಲ್ ಗಾಡಿ ಒಂದೂವರೆ ವರ್ಷದಿಂದ ನಮ್ಮ ಮನೆಯಲ್ಲಿದೆ. ನಾಲ್ಕು ವರ್ಷ ಹಳೆಯದನ್ನು 14 ಲಕ್ಷ ರೂಪಾಯಿಗೆ ಕೊಂಡದ್ದು. ಕಂಪನಿಯ ಹೆಸರು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತಾದೀತು, ತೆಗಳಿದರೆ ಜಗಳವಾದೀತು. ಕೊಂಡದ್ದಕ್ಕೆ ಕಾರಣ ನನ್ನ ತಾಯಿ. ಅವರಿಗೆ 78 ವರ್ಷ, ಎರಡೂ ಮೊಣಕಾಲಿನ ಸಂಧಿ ಸವೆದಿದೆ. ತವರು ಹೆಬ್ರಿಯ ಹತ್ತಿರ. ತರೀಕೆರೆಯಿಂದ ಬಸ್ಸಿನಲ್ಲಿ ಹೋಗಬೇಕಾದರೆ ಶಿವಮೊಗ್ಗದಲ್ಲಿ ಒಮ್ಮೆ ಇಳಿದು ಹತ್ತಬೇಕು, ಕೆಲವೊಮ್ಮೆ ತೀರ್ಥಹಳ್ಳಿಯಲ್ಲಿ ಇನ್ನೊಮ್ಮೆ. ಆರು ವರ್ಷಗಳಿಂದ ಅವರು ಅತ್ತ ಹೋಗಿರಲಿಲ್ಲ. ಕಳೆದ ಡಿಸೆಂಬರಿನ ರಜೆಯಲ್ಲಿ ಎರಡು ದಿನಕ್ಕೆಂದು ಏಳೂ ಜನ ಹೊರಟೆವು. ಗಾಡಿಯನ್ನು ನಿಜವಾಗಿ ಪರೀಕ್ಷಿಸಿದ್ದು ಆ ಪ್ರಯಾಣವೇ.

ಲೋಟದ ನೀರು

ಮುಂದೆ ನಾನು ಮತ್ತು ಅಮ್ಮ. ನಡುವಿನ ಸಾಲಿನಲ್ಲಿ ನನ್ನ ಹೆಂಡತಿ, ತಮ್ಮ, ತಮ್ಮನ ಹೆಂಡತಿ. ಹಿಂದೆ ದ್ವಿತೀಯ ಪಿಯುಸಿಯ ಮಗಳು, ಒಂಬತ್ತನೆಯ ತರಗತಿಯ ಮಗ. ಮೂರೂ ಸಾಲು ಎತ್ತಿ ನಿಲ್ಲಿಸಿದರೆ ಹಿಂಬಾಗಿಲ ಬಳಿ ಉಳಿಯುವ ಜಾಗ ಎರಡು ಕೈಚೀಲದಷ್ಟು. ಉಳಿದ ಸಾಮಾನು ಚಾವಣಿಯ ಕ್ಯಾರಿಯರ್ ಏರಿತು. ಭಾರವಾದದ್ದು ಕೆಳಗೆ, ಹಗುರಾದದ್ದು ಮೇಲೆ ಎಂದು ವಿಂಗಡಿಸಿದೆ. ಇಂಥ ಗಾಡಿಯ ಗುರುತ್ವ ಕೇಂದ್ರ ಮೊದಲೇ ಸಣ್ಣ ಕಾರಿನದಕ್ಕಿಂತ ಎತ್ತರದಲ್ಲಿರುತ್ತದೆ. ಅಕ್ಕಿ ಮೂಟೆಯನ್ನೂ ನೆತ್ತಿಗೇರಿಸಿದರೆ ತಿರುವಿನಲ್ಲಿ ಅದು ಓಲಾಡುವುದನ್ನು ಒಳಗೆ ಕೂತವರ ಹೊಟ್ಟೆಯೇ ಹೇಳುತ್ತದೆ.

ಹತ್ತುವುದೇ ಅಮ್ಮನಿಗೆ ಮೊದಲ ಕಷ್ಟ. ನೆಲದಿಂದ ಗಾಡಿಯ ಒಳನೆಲ ಎತ್ತರ. ನಮ್ಮ ಬೀದಿಯ ಬಡಗಿಯಿಂದ ಆರು ಅಂಗುಲ ಎತ್ತರದ, ಕಾಲಿಗೆ ರಬ್ಬರು ಹೊಡೆದ ಮಣೆಯೊಂದನ್ನು ಮಾಡಿಸಿದ್ದೇವೆ. ಅದರ ಮೇಲೆ ಒಂದು ಹೆಜ್ಜೆ, ಹಿಡಿಕೆ ಹಿಡಿದು ಇನ್ನೊಂದು ಹೆಜ್ಜೆ. ಕೂತ ಮೇಲೆ ಮಾತ್ರ ಎತ್ತರವೇ ಸುಖ. ಕುರ್ಚಿಯಲ್ಲಿ ಕೂತಂತೆ ಮೊಣಕಾಲು ಮಡಚುತ್ತದೆ, ತಗ್ಗು ಕಾರಿನಲ್ಲಿ ಕುಕ್ಕರಿಸಿದಂತಲ್ಲ. ಆದರೆ ಇದು ಮುಂದಿನ ಮತ್ತು ನಡುವಿನ ಸಾಲಿನ ಮಾತು. ಮೂರನೆಯ ಸಾಲಿಗೆ ಹೋಗಬೇಕಾದರೆ ನಡುವಿನ ಸೀಟು ಮಡಚಿ, ಬೆನ್ನು ಬಗ್ಗಿಸಿ, ಒಂದು ಕಾಲು ಒಳಗಿಟ್ಟು, ಮೈ ತಿರುಗಿಸಿ ಬೀಳಬೇಕು. ‘ಅಜ್ಜಿ ಹಿಂದೆ ಕೂರ್ತಾರೆ ಬಿಡಿ’ ಎನ್ನುವವರು ಒಮ್ಮೆ ಅಜ್ಜಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ನೋಡಲಿ.

ಬೆಳಗಿನ ಜಾವ ಹೊರಟು ಭದ್ರಾವತಿಯಲ್ಲಿ ಭದ್ರೆಯನ್ನು, ಶಿವಮೊಗ್ಗದಲ್ಲಿ ತುಂಗೆಯನ್ನು ಕಂಡು (ಇವೆರಡೂ ಕೂಡಲಿಯಲ್ಲಿ ಸೇರುವುದನ್ನು ನೋಡದ ವಿದ್ಯಾರ್ಥಿಗಳು ಒಮ್ಮೆ ನೋಡಬೇಕು) ಗಾಜನೂರಿನ ಕಡೆ ತಿರುಗಿದೆವು. ಅಲ್ಲೊಂದು ರಸ್ತೆ ಉಬ್ಬು. ಮಗಳಿಗೆ ಹೇಳಿ ಒಂದು ಸಣ್ಣ ಪ್ರಯೋಗ ಮಾಡಿಸಿದೆ. ಎರಡು ಸ್ಟೀಲ್ ಲೋಟ, ಅಂಚಿಗೆ ಒಂದು ಬೆರಳು ಕಡಿಮೆ ನೀರು. ಒಂದು ನಡುವಿನ ಸಾಲಿನ ನೆಲದ ಮೇಲೆ, ಇನ್ನೊಂದು ಹಿಂದಿನ ಸಾಲಿನ ನೆಲದ ಮೇಲೆ. ಉಬ್ಬನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟಿದೆ. ನಡುವಿನ ಲೋಟದ ನೀರು ಅಲುಗಿತು, ಚೆಲ್ಲಲಿಲ್ಲ. ಹಿಂದಿನ ಲೋಟದ ನೀರು ಮಗನ ಸಾಕ್ಸ್ ತೋಯಿಸಿತು.

ಕಾರಣ ಸರಳ. ಮುಂದಿನ ಚಕ್ರ ಉಬ್ಬನ್ನೇರಿದಾಗ ಮೂತಿ ಏಳುತ್ತದೆ, ಹಿಂದಿನ ಚಕ್ರ ಏರಿದಾಗ ಬಾಲ ಏಳುತ್ತದೆ. ಎರಡು ಚಕ್ರಗಳ ನಡುವೆ ಕೂತವನಿಗೆ ಎರಡು ಸಲವೂ ಸುಮಾರು ಅರ್ಧದಷ್ಟೇ ಏರಿಳಿತ, ಸೀಸಾ ಹಲಗೆಯ ನಡುವೆ ಕೂತ ಮಗುವಿನ ಹಾಗೆ. ಮೂರನೆಯ ಸಾಲಿನವನು ಹಿಂದಿನ ಚಕ್ರದ ಮೇಲೆಯೇ ಕೂತಿರುತ್ತಾನೆ. ಸರ್ಕಾರಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಊರು ಸೇರಿದ ಯಾರಿಗೂ ಈ ಪಾಠ ಬೇಕಿಲ್ಲ.

ಸಕ್ರೆಬೈಲಿನಲ್ಲಿ ಆನೆಗಳಿಗೆ ತುಂಗೆಯ ಹಿನ್ನೀರಿನಲ್ಲಿ ಸ್ನಾನ ನಡೆಯುತ್ತಿತ್ತು. ಅಮ್ಮ ಗಾಡಿಯಿಂದ ಇಳಿಯದೆ, ಕಿಟಕಿ ಇಳಿಸಿಕೊಂಡು ಕೂತರು; ನಾವು ನೋಡಿ ಬಂದೆವು. ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆ ಆ ಹೊತ್ತಿಗೆ ಖಾಲಿ. ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಆಗ ಹೋಗಬೇಕು. ತೀರ್ಥಹಳ್ಳಿಯಲ್ಲಿ ತಿಂಡಿ ತಿಂದು ಗುಡ್ಡೇಕೇರಿ ದಾಟುತ್ತಿದ್ದಂತೆ ಕಾಡು ರಸ್ತೆಯ ಎರಡೂ ಕಡೆಯಿಂದ ಹತ್ತಿರ ಬಂತು.

ಇಳಿಜಾರಿನ ಲೆಕ್ಕ

ಆಗುಂಬೆಯ ಬಗ್ಗೆ ಈ ಪುಟಗಳಲ್ಲಿ ಬೇಕಾದಷ್ಟು ಬಂದಿದೆ. ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುವ ಊರು, ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ದೊಡ್ಡಮನೆಯ ಊರು, ಕಾಳಿಂಗ ಸರ್ಪದ ಊರು, ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದದ್ದು ಇಲ್ಲಿಯೇ. ನಮಗೆ ಆ ದಿನ ಬೇಕಿದ್ದದ್ದು ಅದರ ಘಾಟಿ. 14 ಹೇರ್‌ಪಿನ್ ತಿರುವುಗಳು, ಕಿರಿದಾದ ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ದೊಡ್ಡ ಲಾರಿಗಳಿಗೆ ಪ್ರವೇಶವಿಲ್ಲ. ಘಾಟಿಯ ತಲೆಯಿಂದ ಸೋಮೇಶ್ವರದ ಬುಡಕ್ಕೆ 500 ಮೀಟರಿಗೂ ಹೆಚ್ಚು ಇಳಿಯಬೇಕು.

ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಬಹುದು. ಗಾಡಿಯ ತೂಕ 1800 ಕಿಲೋ, ಏಳು ಜನ 420 ಕಿಲೋ, ಸಾಮಾನು 80 ಕಿಲೋ, ಒಟ್ಟು 2300. ಇದನ್ನು 9.8ರಿಂದ ಗುಣಿಸಿ, 500 ಮೀಟರಿನಿಂದ ಗುಣಿಸಿದರೆ ಸುಮಾರು 113 ಲಕ್ಷ ಜೂಲ್. ಘಾಟಿಯ ನೆತ್ತಿಯಲ್ಲಿ ನಿಂತ ಗಾಡಿಯೊಳಗೆ ಅಡಗಿರುವ ಪ್ರಚ್ಛನ್ನ ಶಕ್ತಿ ಇದು. ಬುಡ ಸೇರುವಷ್ಟರಲ್ಲಿ ಇದೆಲ್ಲ ಎಲ್ಲಿಗಾದರೂ ಹೋಗಬೇಕಲ್ಲ? ಬರೀ ಬ್ರೇಕಿನಿಂದಲೇ ಇಳಿದರೆ ಬಹುಪಾಲು ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗುತ್ತದೆ. ಎಷ್ಟು ಶಾಖ? 35 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅಂದರೆ ಒಂದು ದೊಡ್ಡ ಬಚ್ಚಲ ಹಂಡೆ! ನಾಲ್ಕು ಚಕ್ರಗಳ ಒಳಗಿನ ನಾಲ್ಕು ಕಬ್ಬಿಣದ ತಟ್ಟೆಗಳು ಇದನ್ನು ಹದಿನೈದು ನಿಮಿಷದಲ್ಲಿ ನುಂಗಿ ಗಾಳಿಗೆ ಬಿಡಬೇಕು. ಕಾದ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದಲೇ ಹಿರಿಯ ಚಾಲಕರು ‘ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ’ ಎನ್ನುವುದು. ಎರಡನೆಯ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಬ್ರೇಕು ತಿರುವಿಗೆ ಮಾತ್ರ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಇಳಿಸುವವರನ್ನು ಕಂಡಿದ್ದೇನೆ. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಒಂದಿಷ್ಟು ಸುಡುತ್ತಲೇ ಇರುತ್ತವೆ. ಹಾಗಾಗಿ ಅದು ಉಳಿತಾಯವೂ ಅಲ್ಲ.

ಮುಂದಿನ ಸೀಟಿನಿಂದ ಘಾಟಿ ಸುಂದರವಾಗಿಯೇ ಇತ್ತು. ಅಮ್ಮ ಒಂದೊಂದು ತಿರುವನ್ನೂ ಗುರುತು ಹಿಡಿಯುತ್ತಿದ್ದರು. ಆರನೆಯದೋ ಏಳನೆಯದೋ ತಿರುವಿನಲ್ಲಿ ಹಿಂದಿನಿಂದ ಮಗಳ ದನಿ: ‘ಅಪ್ಪಾ, ನಿಲ್ಸಿ, ಇವನಿಗೆ ಆಗ್ತಿಲ್ಲ.’

ಘಾಟಿಯ ತಿರುವಿನಲ್ಲಿ ನಿಲ್ಲಿಸುವಂತಿಲ್ಲ. ಸ್ವಲ್ಪ ಅಗಲವಾದ ಜಾಗ ಸಿಗುವವರೆಗೆ ಇನ್ನೂ ಎರಡು ತಿರುವು. ನಿಂತ ಮೇಲೂ ಹಿಂದಿನ ಸಾಲಿನವರು ತಾವಾಗಿ ಇಳಿಯಲಾರರು. ನಡುವಿನವರು ಇಳಿದು, ಸೀಟು ಮಡಚಿ, ದಾರಿ ಬಿಡಬೇಕು. ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲ ಬಳಕೆಯಾಗಿತ್ತು. ಹುಡುಗ ಕಲ್ಲಿನ ಮೇಲೆ ಕೂತು ಬೆವರುತ್ತಿದ್ದ. ರಸ್ತೆ ಬದಿಯ ಕೋತಿಗಳು ನಮ್ಮ ಕೈ ನೋಡುತ್ತಾ ಹತ್ತಿರ ಬಂದವು. (ಅವುಗಳಿಗೆ ಬಾಳೆಹಣ್ಣು ಎಸೆಯುವ ಪುಣ್ಯವಂತರಿಂದಲೇ ಅವು ಕಾಡು ಬಿಟ್ಟು ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತವೆ.)

ನಮ್ಮ ಒಳಕಿವಿಯಲ್ಲಿ ಅರೆವೃತ್ತಾಕಾರದ ಮೂರು ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಹಿಂದುಳಿದು, ‘ತಿರುಗುತ್ತಿದ್ದೇವೆ’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಕಣ್ಣು ರಸ್ತೆಯನ್ನು ನೋಡುತ್ತಿದ್ದರೆ ಅದೂ ಅದೇ ಸುದ್ದಿ ಕೊಡುತ್ತದೆ, ಜಗಳವಿಲ್ಲ. ಮೂರನೆಯ ಸಾಲಿನಲ್ಲಿ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಪಕ್ಕದ ಗಾಜು ಸಣ್ಣದು, ಎತ್ತರದಲ್ಲಿರುವಂಥದ್ದು. ‘ನಾವು ನಿಂತಲ್ಲೇ ಇದ್ದೇವೆ’ ಎನ್ನುತ್ತದೆ ಕಣ್ಣು. ‘ಇಲ್ಲ, ತಿರುಗುತ್ತಿದ್ದೇವೆ’ ಎನ್ನುತ್ತದೆ ಕಿವಿ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಸೋಲುವುದು ಹೊಟ್ಟೆ. ಮಗಳು ಜೀವಶಾಸ್ತ್ರದ ಪುಸ್ತಕ ತೆರೆದಿದ್ದವಳು ಆಗುಂಬೆಗೆ ಮೊದಲೇ ಮುಚ್ಚಿಟ್ಟಿದ್ದಳು, ಮಗ ಮೊಬೈಲ್ ಬಿಟ್ಟಿರಲಿಲ್ಲ. ಅಂಗಡಿಯವರು ಮೂರನೆಯ ಸಾಲಿಗೂ ಚಾರ್ಜಿಂಗ್ ಕಿಂಡಿ ಇದೆ ಎಂದು ಹೆಮ್ಮೆಯಿಂದ ತೋರಿಸುತ್ತಾರಲ್ಲ, ಅದರ ಫಲ.

ಹೆಬ್ರಿಯ ಮನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಮ್ಮನ ತಮ್ಮ ಅಂಗಳಕ್ಕೆ ಇಳಿದು ಬಂದು, ಮಣೆಯನ್ನು ತಾವೇ ಹಿಡಿದು, ಅಕ್ಕನನ್ನು ಇಳಿಸಿಕೊಂಡರು. ಇಬ್ಬರೂ ಜಗಲಿಯ ಮೇಲೆ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ಮರುದಿನ ನಾವು ಪೆರ್ಡೂರು, ಮಣಿಪಾಲದ ಮೇಲೆ ಉಡುಪಿಗೆ, ಮಲ್ಪೆಯ ಕಡಲಿಗೆ ಹೋಗಿ ಬಂದರೂ ಅಮ್ಮ ಜಗಲಿ ಬಿಡಲಿಲ್ಲ.

ಸೀಟು ಬದಲಾದವು

ಹೊರಡುವಾಗ ತವರಿನ ಸಾಮಾನು ಗಾಡಿಗೆ ಬಂತು. ತೆಂಗಿನಕಾಯಿ, ಹಲಸಿನ ಹಪ್ಪಳ, ಪುನರ್ಪುಳಿ, ಜೊತೆಗೆ ಉಡುಪಿಯಿಂದ ನಾವು ತಂದ ಮಟ್ಟುಗುಳ್ಳ. ಮೂರನೆಯ ಸಾಲಿನವರ ಕಾಲಡಿಯೇ ಅದಕ್ಕೆಲ್ಲ ಜಾಗ. ಸೋಮೇಶ್ವರದಲ್ಲಿ ಘಾಟಿ ಏರುವ ಮೊದಲು ಅಮ್ಮ ನಿಲ್ಲಿಸಲು ಹೇಳಿದರು. ‘ಹುಡುಗ ಮುಂದೆ ಕೂರಲಿ ಮಾರಾಯ. ನಾನು ನಡುವೆ ಕೂರ್ತೇನೆ. ನೀನು ಹಿಂದೆ ಕೂತವರನ್ನೂ ನೆನಪಿಟ್ಟು ಓಡಿಸು’ ಎಂದರು. ನಡುವಿನ ಸಾಲಿನಿಂದ ಎದ್ದು ಹಿಂದೆ ಹೋಗಬೇಕಾದವನು ನನ್ನ ತಮ್ಮ, ಆರಡಿ ಎತ್ತರದವನು. ಕಾಲಡಿ ತೆಂಗಿನಕಾಯಿ, ಮೊಣಕಾಲು ಎದೆಯ ಹತ್ತಿರ, ತಲೆ ಚಾವಣಿಗೆ. ಐದು ನಿಮಿಷದಲ್ಲಿ ಅವನ ತೀರ್ಪು ಬಂತು: ‘ಅಣ್ಣಾ, ಇದು ಐದೂವರೆ ಜನರ ಗಾಡಿ.’

ಹತ್ತುವಾಗ ನಮ್ಮದು ಮೇಲುಗೈ. ಬೆಟ್ಟದ ರಸ್ತೆಯಲ್ಲಿ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಚಾಲನಾ ಪರವಾನಗಿಯ ಪರೀಕ್ಷೆಗೆ ಓದಿ ಮರೆತವರೇ ಹೆಚ್ಚು. ಎಂಜಿನ್ ಎರಡನೆಯ ಗೇರಿನಲ್ಲಿ ಅಳುಕಿಲ್ಲದೆ ಎಳೆಯಿತು. ಇಳಿಯುವಾಗ ಲೆಕ್ಕ ಹಾಕಿದ ಶಕ್ತಿಯನ್ನು ಈಗ ಡೀಸೆಲ್ ಕೊಡಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 360 ಲಕ್ಷ ಜೂಲ್ ಇದ್ದರೂ ಎಂಜಿನ್ ಕೆಲಸಕ್ಕೆ ತಿರುಗಿಸುವುದು ಮೂರರಲ್ಲಿ ಒಂದು ಪಾಲು. ಹಾಗಾಗಿ ಏಳು ಜನರನ್ನು ಆಗುಂಬೆಯ ನೆತ್ತಿಗೆ ಎತ್ತುವುದಕ್ಕೇ ಸುಮಾರು ಒಂದು ಲೀಟರ್. ಮುಂದಿನ ಸೀಟಿನಲ್ಲಿ ಮಗ ದಾರಿ ನೋಡುತ್ತಾ ಕೂತಿದ್ದ. ಹದಿನಾಲ್ಕೂ ತಿರುವು ಎಣಿಸಿದ, ಹೊಟ್ಟೆ ಸುಮ್ಮನಿತ್ತು. ಸೂರ್ಯಾಸ್ತದ ಕಟ್ಟೆಯಲ್ಲಿ ಆಕಾಶ ತಿಳಿಯಾಗಿತ್ತು. ಬೆಟ್ಟಗಳ ಆಚೆ, ಬೆಳಿಗ್ಗೆ ನಾವು ಕಾಲು ತೋಯಿಸಿಕೊಂಡ ಕಡಲು ಒಂದು ತಾಮ್ರದ ಗೆರೆಯಾಗಿ ಕಂಡಿತು. ಅಮ್ಮನಿಗೆ ಮೆಟ್ಟಿಲು ಹತ್ತಲಾಗದು. ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಂದು ಬಾಗಿಲು ತೆರೆದೆವು. ಮರಗಳ ಸಂದಿನಲ್ಲಿ ಸಿಕ್ಕಷ್ಟು ನೋಡಿದರು.

ತರೀಕೆರೆಯ ಬಂಕಿನಲ್ಲಿ ಮತ್ತೆ ಟ್ಯಾಂಕ್ ತುಂಬಿಸಿದಾಗ 31 ಲೀಟರ್ ಹಿಡಿಯಿತು. ಓಡಿದ್ದು 420 ಕಿ.ಮೀ. ಲೀಟರಿಗೆ ಹದಿಮೂರೂವರೆ. ಗಾಡಿಯ ಪರದೆ 15 ಎಂದು ತೋರಿಸುತ್ತಿತ್ತು. ಪರದೆಯನ್ನು ನಂಬಬೇಡಿ, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಭಾಗಿಸುವುದೇ ಸರಿಯಾದ ವಿಧಾನ. ಲೀಟರಿಗೆ 90 ರೂಪಾಯಿಯ ಲೆಕ್ಕದಲ್ಲಿ ತಲೆಗೆ 400 ರೂಪಾಯಿ, ಬಸ್ಸಿಗಿಂತ ಬಹಳ ದುಬಾರಿಯೇನಲ್ಲ.

ಆದರೆ ಗಾಡಿಯ ಖರ್ಚು ಡೀಸೆಲ್ ಒಂದೇ ಅಲ್ಲ. ಹಿಂದಿನ ಹನ್ನೆರಡು ತಿಂಗಳು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಏಳೂ ಜನ ಕೂತ ದಿನಗಳು 9. ಐದೋ ಆರೋ ಜನ ಕೂತದ್ದು 14. ಉಳಿದ ದಿನಗಳಲ್ಲಿ ಹೆಚ್ಚಾಗಿ ನಾನು ಮತ್ತು ಮಗ, 4 ಕಿ.ಮೀ. ದೂರದ ಶಾಲೆಗೆ. ಬೆಲೆಯ ಸವೆತ, ಸಾಲದ ಬಡ್ಡಿ, ವಿಮೆ, ಸರ್ವೀಸು ಸೇರಿ ವರ್ಷಕ್ಕೆ ಎರಡು ಲಕ್ಷದ ಹತ್ತಿರ ಹೋಗುತ್ತದೆ. ಒಂಬತ್ತು ದಿನಕ್ಕೆ ಇದೇ ಅಳತೆಯ ಬಾಡಿಗೆ ಗಾಡಿ ತಂದರೆ, ನಮ್ಮೂರಿನ ದರದಲ್ಲಿ, ಚಾಲಕನ ಭತ್ಯೆ ಸೇರಿ 60 ಸಾವಿರ ಆಗಬಹುದು. ಮಗಳು ಮುಂದಿನ ವರ್ಷ ಕಾಲೇಜಿಗೆ ಹೋಗಬೇಕಾದವಳು. ಉಳಿಯುವ ಒಂದು ಲಕ್ಷ ನಲವತ್ತು ಸಾವಿರ ಏನೆಂದು ಅವಳಿಗೂ ಗೊತ್ತು. ಈ ಲೆಕ್ಕ ಮಾಡಿ ನನ್ನ ಮೇಜಿನ ಮೇಲಿಟ್ಟವಳೂ ಅವಳೇ.

ಡೀಸೆಲಿನದು ಇನ್ನೊಂದು ಸಂಗತಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಕೊಳ್ಳಬೇಕು. ಅಷ್ಟು ಕಾಯಲು ಒಂದೇ ಸಮನೆ ಇಪ್ಪತ್ತು ಮೂವತ್ತು ನಿಮಿಷ ಓಡಬೇಕು. ದಿನಾ ನಾಲ್ಕು ಕಿಲೋಮೀಟರಿಗೆ ಓಡಿಸಿ ನಿಲ್ಲಿಸಿದರೆ ಮಸಿ ತುಂಬಿ ಹಳದಿ ದೀಪ ಹತ್ತುತ್ತದೆ. ನಾನು ತಿಂಗಳಿಗೆರಡು ಸಲ ಭದ್ರಾವತಿಯವರೆಗೆ ಹೋಗಿ ಬರುತ್ತೇನೆ. ಶಾಲೆಗೆ ಬಿಡುವುದಕ್ಕಷ್ಟೇ ದೊಡ್ಡ ಡೀಸೆಲ್ ಗಾಡಿ ತೆಗೆಯುವ ತಂದೆತಾಯಂದಿರು ಇದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆ ಕೆಲಸಕ್ಕೆ ಸೈಕಲ್ ಸಾಕು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. 2023ರಿಂದ ನಮ್ಮಲ್ಲೂ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆಯಿದೆ. ನಕ್ಷತ್ರಗಳನ್ನು ನೋಡಿ ಕೊಳ್ಳಬಹುದು. ಆದರೆ ಬೆಲ್ಟ್ ಹಾಕದವನಿಗೆ ನಕ್ಷತ್ರ ಏನು ಮಾಡೀತು? 60 ಕಿ.ಮೀ. ವೇಗದ ಗಾಡಿ ಥಟ್ಟನೆ ನಿಂತರೆ ಒಳಗಿನವನ ಪಾಡು 14 ಮೀಟರ್ ಎತ್ತರದಿಂದ ಬಿದ್ದವನ ಪಾಡು, ಅಂದರೆ ನಾಲ್ಕನೆಯ ಮಹಡಿಯಿಂದ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ ಮೂರು ತುದಿಯ ಪಟ್ಟಿ ಮೂರನೆಯ ಸಾಲಿಗೂ ಇದೆಯೇ, ಮಕ್ಕಳ ಕೈಗೆ ಎಟಕುತ್ತದೆಯೇ ನೋಡಬೇಕು. ನಮ್ಮ ಗಾಡಿಯಲ್ಲಿ ಹಿಂದೆ ಕೂತ ಮಗನ ತಲೆಗೂ ಹಿಂಬಾಗಿಲ ಗಾಜಿಗೂ ಒಂದು ಗೇಣಿನ ಅಂತರ. ಹೆದ್ದಾರಿಯಲ್ಲಿ ಲಾರಿಯೊಂದು ಹಿಂದೆ ಅಂಟಿಕೊಂಡು ಬಂದಾಗಲೆಲ್ಲ ನನಗೆ ಆ ಗೇಣು ನೆನಪಾಗುತ್ತದೆ. ದಾರಿ ಬಿಟ್ಟು ಕೊಡುತ್ತೇನೆ.

ಹಾಗಿದ್ದರೆ ಮಾರಿ ಬಾಡಿಗೆಗೆ ಹೋಗಬಾರದೇಕೆ ಎಂದು ಮಗಳು ಕೇಳಿದಳು. ಲೆಕ್ಕ ಅವಳ ಕಡೆಗೇ ಇದೆ. ಬೇರೆ ಮನೆಯವರು ಕೇಳಿದ್ದರೆ ನಾನೂ ಬಾಡಿಗೆ ಗಾಡಿಯನ್ನೇ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಗಂಟೆಗೊಮ್ಮೆ ಇಳಿದು ಕಾಲು ನೀಡಬೇಕು. ಗಡಿಯಾರ ನೋಡುತ್ತಾ ಕೂತ ಅಪರಿಚಿತ ಚಾಲಕನಿಗೆ ‘ನಿಲ್ಲಿಸಪ್ಪ’ ಎಂದು ಅವರು ಕೇಳುವವರಲ್ಲ, ನೋವು ನುಂಗಿ ಕೂರುವವರು. ಹಿಂದೊಮ್ಮೆ ಬಾಡಿಗೆ ಗಾಡಿಯಲ್ಲಿ ಶೃಂಗೇರಿಗೆ ಹೋಗಿ ಬಂದು ನಾಲ್ಕು ದಿನ ಹಾಸಿಗೆ ಹಿಡಿದಿದ್ದರು. ಹೆಬ್ರಿಯ ದಾರಿಯಲ್ಲಿ ಐದು ಕಡೆ ನಿಲ್ಲಿಸಿದೆವು. ಮಗಳು ಕಾಗದ ಮಡಚಿ ಇಟ್ಟುಕೊಂಡಳು, ಹರಿಯಲಿಲ್ಲ.

ಮಾರ್ಚಿನಲ್ಲಿ ಹೆಬ್ರಿಯ ಮನೆಯಲ್ಲಿ ಪೂಜೆಯಿದೆ. ಮಣೆ ಗಾಡಿಯಲ್ಲೇ ಇದೆ. ಮುಂದಿನ ಸೀಟು ಮಲೆನಾಡಿನ ರಸ್ತೆಯಲ್ಲಿ ಅಮ್ಮನದು, ಘಾಟಿಯಲ್ಲಿ ಮಗನದು ಎಂದು ಒಪ್ಪಂದವಾಗಿದೆ. ಮೂರನೆಯ ಸಾಲಿಗೆ ಚೀಟಿ ಎತ್ತುವುದಂತೆ. ತಮ್ಮ ಮಾತ್ರ ಬಸ್ಸಿನಲ್ಲಿ ಬರುತ್ತೇನೆಂದು ಈಗಲೇ ಹೇಳಿಬಿಟ್ಟಿದ್ದಾನೆ.